ಗೋಪುರದ ಮುಂದೆ ನಾವು ಹದಿನೆಂಟು ಜನ

ನಮ್ಮ ಕನ್ನಡ ಸಂಘದ ನಿವೃತ್ತರ ಪ್ರವಾಸದ ಗುಂಪನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಾವು ನೆಲೆಸಿದ ಪರದೇಶದ ಓಕ್‌ವಿಲ್, ವಿಟ್ಬಿ, ವಾನ್ ಊರುಗಳಿಂದ ದಿಕ್ಕಿಗೊಬ್ಬರಂತೆ ಬಂದು ಸೇರಿದ ಡಾಕ್ಟರು, ಪ್ರೊಫೆಸರುಗಳು. ಭೂಮಿಯ ಯಾವ ಮೂಲೆಗೆ ಹೋದರೂ ಇವರು ಮೊದಲು ವಿಚಾರಿಸುವುದು ಮೊಸರನ್ನ ಸಿಗುತ್ತದೋ ಇಲ್ಲವೋ ಎಂದು. ಕಟ್ಟಡ ಕಟ್ಟಿಯೇ ಬದುಕಿದ ಇಂಜಿನಿಯರಾದ ನಾನೂ ಅದೇ ಹಿಂಡಿನವನು.

ಹೋದ ವರ್ಷ ವಿಯೆಟ್ನಾಮಿಗೆ ಹೊರಟಾಗ, ವಾನ್‌ನಲ್ಲಿ ಇಪ್ಪತ್ತು ವರ್ಷದಿಂದ ನನ್ನ ಕೂದಲು ಕತ್ತರಿಸುವ ಹಿರಿಯರು ಒಂದೇ ಒಂದು ಕೆಲಸ ಹೇಳಿದ್ದರು. ಅವರು ಹನೋಯಿಯವರು. ಅಲ್ಲಿನ ಹಳೆಯ ಧ್ವಜಗೋಪುರದಲ್ಲಿ, ಪೂರ್ವದ ಬಾಗಿಲ ಎಡಮಗ್ಗುಲಿನ ಇಟ್ಟಿಗೆಗಳನ್ನು ಅವರ ಅಪ್ಪ ರಿಪೇರಿ ಮಾಡಿದ್ದರಂತೆ. ಅಪ್ಪನದು ಒಂದು ಫೋಟೊ ಕೂಡ ಉಳಿದಿಲ್ಲ. ಇಂಟರ್ನೆಟ್ಟಿನಲ್ಲಿ ಗೋಪುರವೇನೋ ಪೂರ್ತಿ ಸಿಗುತ್ತದೆ, ಆ ಮೂಲೆ ಸಿಗುವುದಿಲ್ಲ. ಕಣ್ಣು ಮಂಜಾಗುತ್ತಾ ಬಂದಿದೆ, ಪೂರ್ತಿ ಹೋಗುವ ಮೊದಲು ಒಮ್ಮೆ ನೋಡಬೇಕು, ಆ ಇಟ್ಟಿಗೆಗಳದೊಂದು ಫೋಟೊ ಹತ್ತಿರದಿಂದ ತೆಗೆದುಕೊಂಡು ಬನ್ನಿ ಎಂದಿದ್ದರು. ಅದೇನು ಮಹಾ ಎಂದು ಒಪ್ಪಿಕೊಂಡೆ.

ಮೂರು ಹಂತದ ಕಟ್ಟೆ, ಅದರ ಮೇಲೆ ಎಂಟು ಮೂಲೆಯ ಗೋಪುರ, ತುದಿಗೆ ಬಾವುಟ. ಇಡೀ ಊರು ಗುರುತಿಟ್ಟುಕೊಂಡ ಕಟ್ಟಡ ಅದು. ನಮ್ಮ ಗುಂಪಿನ ಬಿಜಾಪುರದ ಡಾಕ್ಟರು ಕತ್ತೆತ್ತಿ ನೋಡಿ ತೀರ್ಪು ಕೊಟ್ಟರು. "ನಮ್ಮ ಗೋಳಗುಮ್ಮಟದ ಮುಂದ ಇದೇನ್ರೀ, ಕೋಳಿಗೂಡು ಇದ್ದಂಗ ಐತಿ." ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ, ನಾಚಿಕೆಗೆಟ್ಟವನು.

ಆಮೇಲೆ ಅದೇ ಪೂರ್ವದ ಬಾಗಿಲಿಗೆ ಅಡ್ಡವಾಗಿ ಸಂಘದ ಬ್ಯಾನರು ಬಿಚ್ಚಿ, ಹದಿನೆಂಟು ಜನವೂ ಒತ್ತಿಕೊಂಡು ನಿಂತೆವು. ಹನ್ನೊಂದು ಫೋಟೊ ಆದವು. ಎಲ್ಲರೂ ಸರಿದ ಮೇಲೆ ಇಟ್ಟಿಗೆಯ ಫೋಟೊ ತೆಗೆದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಇಂಡಿಯನ್ ಹೋಟೆಲಿನಲ್ಲಿ ಊಟ ಖಾಲಿಯಾಗುತ್ತದೆ ಎಂದು ಗದ್ದಲವೆದ್ದಿತು. ನಾನೇ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದೆ.

ವಾಪಸು ಬಂದು ಆ ಹಿರಿಯರ ಕ್ಷೌರದ ಕುರ್ಚಿಯಲ್ಲಿ ಕೂತು ಫೋನು ಕೊಟ್ಟೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಹನ್ನೊಂದನ್ನೂ ಒಂದೊಂದಾಗಿ ನೋಡಿದರು. ಎಲ್ಲದರಲ್ಲೂ ನಮ್ಮ ಮುಸುಡಿಗಳೇ. ಎಲ್ಲರೂ ಚೆನ್ನಾಗಿ ಬಂದಿದ್ದೀರಿ ಎಂದರು. ಕೊನೆಯದನ್ನು ದೊಡ್ಡದು ಮಾಡಿ, ಡಾಕ್ಟರ ಕಿವಿಗೂ ಬ್ಯಾನರಿನ ಕೋಲಿಗೂ ನಡುವೆ ಇಣುಕಿದ ಗೋಡೆಯ ಚೂರನ್ನು ಬಹಳ ಹೊತ್ತು ದಿಟ್ಟಿಸಿದರು.

"ಇದೊಂದನ್ನು ಕಳಿಸ್ತೀರಾ?" ಎಂದರು. "ನೀವುಗಳು ಇಲ್ಲದೆ."

ಮನೆಗೆ ಬಂದು ಫೋಟೊದಿಂದ ಮೊದಲು ಡಾಕ್ಟರನ್ನು ಕತ್ತರಿಸಿ ತೆಗೆದೆ, ಆಮೇಲೆ ಬ್ಯಾನರನ್ನು. ಒಂದೂವರೆ ಇಟ್ಟಿಗೆ ಉಳಿಯಿತು. ಇನ್ನರ್ಧದ ಮೇಲಿದ್ದದ್ದು ನನ್ನ ಭುಜ.