ಟ್ಯಾಂಕಿನ ಕೆಳಗೆ ಎರಡು ಐಸ್‌ಕ್ರೀಮ್ ಕಡ್ಡಿ

ಕಳೆದ ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಾನು ಬೆನ್ಸನ್ ಟೌನಿನ ನಮ್ಮ ಮನೆಯ ಬಚ್ಚಲಲ್ಲಿ, ಕಿಟಕಿಯ ಪಕ್ಕ ನಿಂತಿದ್ದೆ. ಬಲಗೆನ್ನೆ ಬೋಳಿಸಿ ಆಗಿತ್ತು. ಎಡಗೆನ್ನೆಯ ಮೇಲೆ ನೊರೆ ಇತ್ತು. ಇಷ್ಟು ವಿವರ ಯಾಕೆಂದರೆ, ನಾಳೆ ಯಾರೂ ‘ನೀನು ಸರಿಯಾಗಿ ನೋಡಿಲ್ಲ’ ಅನ್ನಬಾರದು. ಆ ಕಿಟಕಿಯಿಂದ ನಮ್ಮ ಕಾರ್ ಶೆಡ್ಡು ಪೂರ್ತಿ ಕಾಣುತ್ತದೆ.

ಶೆಡ್ಡಿನೊಳಗೆ ನನ್ನ ಗೆಳೆಯ ಸೆಲ್ವರಾಜ್ ಇದ್ದ. ನಮ್ಮ ಕುಕ್ಕರ್ ವಾಪಸ್ ಕೊಡಲು ಬಂದಿದ್ದನಂತೆ. ಕುಕ್ಕರ್ ನೆಲದ ಮೇಲಿತ್ತು. ಅವನ ಕೈ ವಿಮಾನದ ಮೂತಿಯೊಳಗಿತ್ತು.

ಗುರುವಾರ ಅದೇ ಹೊತ್ತು, ಅದೇ ಕಿಟಕಿ. (ನಾನು ದಿನ ಬಿಟ್ಟು ದಿನ ಗಡ್ಡ ಮಾಡಿಕೊಳ್ಳುತ್ತೇನೆ.) ಈ ಸಲ ಶೆಡ್ಡಿನಲ್ಲಿದ್ದವನು ಇನ್ನೊಬ್ಬ ಗೆಳೆಯ, ಇಬ್ರಾಹಿಂ. ರಸೆಲ್ ಮಾರ್ಕೆಟ್ಟಿನಿಂದ ಸೀತಾಫಲ ತಂದಿದ್ದ. ಕುಕ್ಕರ್ ಇದ್ದ ಜಾಗದಲ್ಲೇ ಸೀತಾಫಲ ಇತ್ತು. ಕೈಯೂ ಅದೇ ಜಾಗದಲ್ಲಿತ್ತು.

ಆ ಮೂತಿಯೊಳಗೆ ಅಂಥದ್ದೇನಿದೆ?

ವಿಮಾನ ಅಂದರೆ ನೀವು ರಿಮೋಟಿನದು ಅಂದುಕೊಳ್ಳಬೇಡಿ. ಇದು ತಂತಿಯ ವಿಮಾನ. ಎರಡು ಸಣ್ಣ ಉಕ್ಕಿನ ತಂತಿ, ಅವುಗಳ ತುದಿಯಲ್ಲಿ ಒಂದು ಹಿಡಿಕೆ. ಹಾರಿಸುವವನು ನಡುವೆ ನಿಂತು ಹಿಡಿಕೆ ಹಿಡಿದು ಸುತ್ತುತ್ತಾನೆ, ವಿಮಾನ ಅವನ ಸುತ್ತ ಸುತ್ತುತ್ತದೆ. ಮಣಿಕಟ್ಟು ಆಡಿಸಿದರೆ ಮೇಲೆ ಏರುತ್ತದೆ, ಕೆಳಗೆ ಇಳಿಯುತ್ತದೆ. ಇಂಧನ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಮದುವೆಯ ಹಾಗೇ ಅನ್ನುತ್ತಾನೆ ಸೆಲ್ವರಾಜ್, ಹೆಂಡತಿ ಪಕ್ಕದಲ್ಲಿಲ್ಲದಾಗ.

ಹಗುರ ಮರ ಕೊಯ್ದು, ಅಂಟಿಸಿ, ತಿಂಗಳುಗಟ್ಟಲೆ ಕೂತು ವಿಮಾನ ಕಟ್ಟಿದವನು ಸೆಲ್ವರಾಜ್. ನಿಂಬೆಹಣ್ಣಿನ ಗಾತ್ರದ ಎಂಜಿನ್ನು ಇಬ್ರಾಹಿಮನದು. ಕಾಲೇಜಿನ ಕಾಲದಿಂದ ಹಳೇ ಸಾಕ್ಸಿನಲ್ಲಿ ಸುತ್ತಿಟ್ಟಿದ್ದ. ಹಾರಿಸುವ ಜಾಗ ಕೆ.ಆರ್. ಪುರದ ನಂಜುಂಡಪ್ಪನವರದು. ಒಂದು ಕಾಲದಲ್ಲಿ ರಾಗಿ ಹೊಲ, ಈಗ ಖಾಲಿ ಸೈಟು. ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಮೊದಲ ದಿನವೇ ಕೇಳಿದ್ದರು, “ವಿಮಾನ ಅಂದ್ರೆ ಎಲ್ಲಿಗಾದ್ರೂ ಹೋಗ್ಬೇಕಲ್ವೇನ್ರೀ? ಇದೇನು, ಗಾಣದ ಎತ್ತು?”

ಜಗಳ ಶುರುವಾದದ್ದು ಆ ಮಂಗಳವಾರದ ಹಿಂದಿನ ಭಾನುವಾರ, ಅದೇ ಸೈಟಿನಲ್ಲಿ. ಸೆಲ್ವರಾಜ್ ವಿಮಾನವನ್ನು ತಲೆಕೆಳಗು ಮಾಡಿದ. ಅದುವರೆಗೆ ಗುರ್ರೆನ್ನುತ್ತಿದ್ದ ಎಂಜಿನ್ನು ಒಮ್ಮೆಲೇ ಕೀರಲು ದನಿ ತೆಗೆಯಿತು. ಇಂಧನ ಸಾಲುತ್ತಿಲ್ಲ ಎಂದು ಅದರರ್ಥ. ಇನ್ನರ್ಧ ಸುತ್ತು ಹಾಗೇ ಬಿಟ್ಟಿದ್ದರೆ ನಿಂತೇ ಹೋಗುತ್ತಿತ್ತು. ತಲೆಕೆಳಗಾದ ವಿಮಾನದ ಎಂಜಿನ್ನು ನಿಂತರೆ ಉಳಿಯುವುದು ಕಡ್ಡಿಪುಡಿ. ಸೆಲ್ವರಾಜ್ ಹೇಗೋ ಮಗುಚಿ ಉಳಿಸಿಕೊಂಡ.

ತಪ್ಪು ಟ್ಯಾಂಕಿನ ಎತ್ತರದ್ದು ಅನ್ನುವುದರಲ್ಲಿ ಇಬ್ಬರಿಗೂ ಅನುಮಾನ ಇರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ತಗಡಿನ ಟ್ಯಾಂಕು, ಮೂತಿಯಲ್ಲಿ ಎಂಜಿನ್ನಿನ ಹಿಂದೆ ರಬ್ಬರ್ ಬ್ಯಾಂಡಿನಲ್ಲಿ ಕೂತಿರುತ್ತದೆ. ಅದರ ಅಡಿಗೆ ಎರಡು ಐಸ್‌ಕ್ರೀಮ್ ಕಡ್ಡಿ, ಒಂದರ ಮೇಲೊಂದು. ಎಂಜಿನ್ನಿಗೆ ಇಂಧನ ಬಿಡುವ ಸೂಜಿಯ ಮಟ್ಟಕ್ಕೇ ಟ್ಯಾಂಕೂ ಇರಬೇಕು. ಇಲ್ಲದಿದ್ದರೆ ನೆಟ್ಟಗಿದ್ದಾಗ ಒಂದು ಲೆಕ್ಕ, ಮಗುಚಿದಾಗ ಇನ್ನೊಂದು.

“ಟ್ಯಾಂಕ್ ಎತ್ತರಿಸ್ಬೇಕು,” ಅಂದ ಇಬ್ರಾಹಿಂ. “ಬೈಕಲ್ಲಿ ಟ್ಯಾಂಕ್ ಎಲ್ಲಿರತ್ತೆ ಮಿಯಾ? ಮೇಲೆ.”

“ಡೇಯ್, ನಿನ್ನ ಬೈಕ್ ಯಾವತ್ತು ತಲೆಕೆಳಗೆ ಓಡಿದೆ?” ಅಂದ ಸೆಲ್ವರಾಜ್. “ಮಗುಚಿದ್ರೆ ನಿನ್ನ ಮೇಲೆ ಅನ್ನೋದು ಕೆಳಗಾಗತ್ತೆ. ಟ್ಯಾಂಕ್ ಇಳಿಸ್ಬೇಕು.”

“ನಲ್ವತ್ತು ವರ್ಷದಿಂದ ಎಂಜಿನ್ ಜೊತೆಗಿದ್ದೀನಿ.”

“ಸಾಕ್ಸಲ್ಲಿತ್ತು.”

ಅಲ್ಲಿಗೆ ಮಾತು ಬಂದ್. ಆಮೇಲೆ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. “ಅವನಿಗೆ ಹೇಳು ಮೂರ್ತಿ, ಸ್ಪ್ಯಾನರ್ ಕೊಡೋಕೆ.” ಸ್ಪ್ಯಾನರ್ ಇದ್ದದ್ದು ಕೇಳಿದವನ ಮೊಣಕಾಲಿನ ಪಕ್ಕವೇ. ಸ್ಕೂಲಿನಿಂದ ಒಂದೇ ತಟ್ಟೆಯಲ್ಲಿ ತಿಂದವರು ಒಂದು ಕಡ್ಡಿಗಾಗಿ ಮಾತು ಬಿಟ್ಟರೆ ನೋಡುವವನಿಗೆ ಹೇಗಾಗಬೇಡ?

ಮುಂದಿನ ವಾರ ಸೈಟಿಗೆ ಜೆಸಿಬಿ ಬರುವುದಿತ್ತು. ಅಂದರೆ ಉಳಿದದ್ದು ಒಂದೇ ಭಾನುವಾರ. ನಾನು ರಾಜಿ ಮಾಡಿಸಿದೆ. ಇಂಧನ ಹಳೆಯದಿರಬಹುದು. ಹೊಸದು ಹಾಕಿ, ಟ್ಯಾಂಕು ಇದ್ದಲ್ಲೇ ಇಟ್ಟು ಇನ್ನೊಮ್ಮೆ ಹಾರಿಸೋಣ. ಅಲ್ಲಿಯವರೆಗೆ ಯಾರೂ ಮೂತಿಗೆ ಕೈ ಹಾಕಬಾರದು. ವಿಮಾನ ನನ್ನ ಶೆಡ್ಡಿನಲ್ಲಿರಲಿ. ಇಬ್ಬರೂ ತಕ್ಷಣ ತಲೆಯಾಡಿಸಿದರು.

ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಈಗ ಬಚ್ಚಲಿಗೆ ವಾಪಸ್ ಬನ್ನಿ. ಮಂಗಳವಾರ ಸೆಲ್ವರಾಜ್ ಒಂದು ಕಡ್ಡಿ ತೆಗೆದು ಜೇಬಿಗೆ ಹಾಕಿಕೊಂಡ. ಗುರುವಾರ ಇಬ್ರಾಹಿಂ ಜೇಬಿನಿಂದ ಒಂದು ಕಡ್ಡಿ ತೆಗೆದು ಟ್ಯಾಂಕಿನಡಿಗೆ ತೂರಿಸಿದ. ಎರಡರಲ್ಲಿ ಒಂದು ಹೋಯಿತು, ಒಂದಕ್ಕೆ ಇನ್ನೊಂದು ಬಂತು. ಟ್ಯಾಂಕು ಎಲ್ಲಿಂದ ಹೊರಟಿತ್ತೋ ಅಲ್ಲೇ ಕೂತಿತ್ತು. ನಂಜುಂಡಪ್ಪನವರ ಗಾಣದ ಎತ್ತು.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಕೆಳಗಿನ ಮನೆಯವರು ಟೆರೇಸಿನ ವಾಲ್ವ್ ತಿರುಗಿಸಿ ಬರುತ್ತಾರೆ. ಮೇಲಿನ ಮನೆಯವರು ಅದನ್ನು ಸದ್ದಿಲ್ಲದೆ ವಾಪಸ್ ತಿರುಗಿಸುತ್ತಾರೆ. ಮೀಟಿಂಗಿನಲ್ಲಿ ಇಬ್ಬರೂ ‘ಈಗ ನೀರು ಪರವಾಗಿಲ್ಲ’ ಅನ್ನುತ್ತಾರೆ.

ಆದರೆ ನನ್ನ ಕಷ್ಟ ಬೇರೆ. ಬಾಯಿ ಬಿಟ್ಟರೆ ಇಬ್ಬರೂ ಸಿಕ್ಕಿಬೀಳುತ್ತಾರೆ, ಆಮೇಲೆ ನನ್ನ ಮೂಲಕವೂ ಮಾತಾಡುವುದಿಲ್ಲ. ಬಿಡದಿದ್ದರೆ ಭಾನುವಾರ ಅದೇ ಟ್ಯಾಂಕು, ಅದೇ ಕೀರಲು, ಕಡ್ಡಿಪುಡಿ. ಶುಕ್ರವಾರವೆಲ್ಲ ಯೋಚಿಸಿದೆ. ಬಚ್ಚಲಿನ ಮಗ್ಗು ಕೈಯಲ್ಲಿ ಹಿಡಿದು ಮಗುಚಿ ಮಗುಚಿ ನೋಡಿದೆ. ನಾನು ಬಿ.ಕಾಂ. ಆದರೂ ಸೆಲ್ವರಾಜನ ಮಾತೇ ಸರಿ ಅನ್ನಿಸಿತು. ಮಧ್ಯಸ್ಥನಾದವನು ಕೈ ಹಾಕಬಾರದು, ಗೊತ್ತು. ಶನಿವಾರ ಗಡ್ಡ ಮಾಡಿಕೊಳ್ಳುವ ಮುಂಚೆ ಶೆಡ್ಡಿಗೆ ಹೋಗಿ ಒಂದು ಕಡ್ಡಿ ತೆಗೆದೆ.

ಭಾನುವಾರ ಸೈಟಿನಲ್ಲಿ ಮೂವರೂ ಒಬ್ಬೊಬ್ಬರಾಗಿ ‘ನಾನೇನೂ ಮುಟ್ಟಿಲ್ಲಪ್ಪ’ ಅಂದೆವು. ಇಬ್ರಾಹಿಂ ಬೆರಳಿನಿಂದ ಫ್ಯಾನು ತಿರುಗಿಸಿ ಎಂಜಿನ್ನು ಹಚ್ಚಿದ. ಇಂಧನಕ್ಕೆ ಬೆರೆಸಿದ ಹರಳೆಣ್ಣೆ ಸುಟ್ಟ ಆ ವಾಸನೆ ಬಂತು. ನಾನು ಬಾಲ ಹಿಡಿದಿದ್ದೆ, ಬಿಟ್ಟೆ. ಸೆಲ್ವರಾಜ್ ಕೆಲವು ಸುತ್ತು ನೆಟ್ಟಗೆ ಹಾರಿಸಿದ. ಆಮೇಲೆ ಮಗುಚಿದ.

ನಾನು ಕಣ್ಣು ಮುಚ್ಚಲಿಲ್ಲ. ಆಳೆತ್ತರದಲ್ಲಿ, ಚಕ್ರಗಳು ಆಕಾಶಕ್ಕೆ, ವಿಮಾನ ನನ್ನ ಮುಂದೆ ಹಾದುಹೋಯಿತು. ದನಿ ಬದಲಾಗಲಿಲ್ಲ. ಎರಡನೇ ಸುತ್ತು ಬಂತು. ಅದೇ ಗುರ್ರ್. ಇಬ್ರಾಹಿಂ ನನ್ನ ತೋಳು ಹಿಡಿದಿದ್ದು ವಿಮಾನ ಇಳಿದ ಮೇಲೆ ಗೊತ್ತಾಯಿತು. ಉಗುರಿನ ಗುರುತು ಇನ್ನೂ ಇದೆ. “ಗಾಣದ ಎತ್ತು ಲಾಗ ಹಾಕ್ತಲ್ರೀ,” ಅಂದರು ನಂಜುಂಡಪ್ಪ, ಕುರ್ಚಿಯಿಂದ ಎದ್ದು.

ಟೀ ಕುಡಿಯುವಾಗ ಇಬ್ರಾಹಿಂ ನನ್ನನ್ನು ಪಕ್ಕಕ್ಕೆ ಕರೆದ. “ಒಂದು ಕಡ್ಡಿ ಹಾಕಿದ್ದೆ ಭಾಯ್. ಸೆಲ್ವನಿಗೆ ಹೇಳ್ಬೇಡ. ಪಾಪ, ಬೇಜಾರಾಗ್ತಾನೆ.”

ವಾಪಸ್ ಬರುವಾಗ ಸೆಲ್ವರಾಜ್ ಕಾರಿನ ಹತ್ತಿರ ತಡೆದ. “ಒಂದು ಕಡ್ಡಿ ತೆಗ್ದಿದ್ದೆ ಮಚ್ಚಾ. ಇಬ್ಬುಗೆ ಗೊತ್ತಾಗ್ಬಾರ್ದು. ಅವನ ಎಂಜಿನ್ ಅಲ್ವಾ, ಅವನೇ ಗೆದ್ದ ಅಂದ್ಕೊಳ್ಳಲಿ.”

ಗೆದ್ದವರಿಬ್ಬರೂ ಹಿಂದಿನ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಹಲಸೂರಿನವರೆಗೂ ಹರಟೆ ಹೊಡೆದರು. ನಾನು ಡ್ರೈವರ್. (ಇದನ್ನೆಲ್ಲ ಇಲ್ಲಿ ಬರೆಯುವ ಧೈರ್ಯ ಎಲ್ಲಿಂದ ಬಂತು ಅನ್ನುತ್ತೀರಾ? ಒಬ್ಬ ಓದುವುದು ತಮಿಳು ಪೇಪರ್, ಇನ್ನೊಬ್ಬ ಉರ್ದು. ನೀವು ಹೇಳದಿದ್ದರೆ ಸಾಕು.)

ಮನೆಗೆ ಬಂದು ವಿಮಾನವನ್ನು ಶೆಡ್ಡಿನಲ್ಲಿಟ್ಟು, ಸಮಾಧಾನಕ್ಕೆಂದು ಮೂತಿಯ ಮುಚ್ಚಳ ತೆಗೆದೆ. ಒಂದು ಕಡ್ಡಿ ಇರಬೇಕಿತ್ತು.

ಒಂದೂ ಇರಲಿಲ್ಲ.

ಎಲ್ಲಿಯಾದರೂ ಬಿತ್ತೇ? ಬೀಳುವ ಹಾಗಿಲ್ಲ, ರಬ್ಬರ್ ಬ್ಯಾಂಡು ಬಿಗಿಯಾಗಿ, ಅಚ್ಚುಕಟ್ಟಾಗಿ ಸುತ್ತಿತ್ತು. ಗಂಡಸರು ಸುತ್ತಿದ ಹಾಗಿರಲಿಲ್ಲ.

ಬಚ್ಚಲಿನ ಕಿಟಕಿಯ ಪಕ್ಕದಲ್ಲೇ ನಮ್ಮ ಅಡುಗೆಮನೆಯ ಕಿಟಕಿ. ಅಲ್ಲಿಂದಲೂ ಶೆಡ್ಡು ಪೂರ್ತಿ ಕಾಣುತ್ತದೆ. ಮಂಗಳವಾರ, ಗುರುವಾರ, ಶನಿವಾರ, ಮೂರೂ ಬೆಳಿಗ್ಗೆ ಅಲ್ಲಿ ನಿಂತು ಕಾಫಿ ಸೋಸುತ್ತಿದ್ದವರು, ಮೂವರನ್ನೂ ಕಣ್ಣಾರೆ ಕಂಡವರು, ಇವತ್ತಿಗೂ ಗಟ್ಟಿಮುಟ್ಟಾಗಿ ಬದುಕಿರುವವರು ಒಬ್ಬರಿದ್ದಾರೆ: ನನ್ನ ಹೆಂಡತಿ ವಿಮಲಾ.

ಕೇಳಿದೆ. “ನಾನೇನೂ ಮುಟ್ಟಿಲ್ಲಪ್ಪ,” ಅಂದಳು, ನಾವು ಮೂವರೂ ಹೇಳಿದ್ದ ಅದೇ ದನಿಯಲ್ಲಿ.