ನೆಪವಿಲ್ಲದ ಪ್ರಯಾಣ

ದೊಡ್ಡಮ್ಮನ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಹಿತ್ತಾಳೆಯ ವಿಷಲ್ ಒಂದಿತ್ತು. ಮೊದಲು ತಾಳಿ ಇರುತ್ತಿದ್ದ ಜಾಗದಲ್ಲೇ ಈಗ ಅದು ತೂಗುತ್ತಿತ್ತು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಗಂಡ ತೀರಿಕೊಂಡಾಗ ತಾಳಿ ತೆಗೆದವರು, ಸೂತಕ ಕಳೆದ ಮೇಲೆ ಅವರ ವಿಷಲನ್ನು ಕೊರಳಿಗೆ ಹಾಕಿಕೊಂಡರಂತೆ. ಬಾಯಿಗಿಡುವ ತುದಿಯಲ್ಲಿ ಎರಡು ಸಣ್ಣ ತಗ್ಗುಗಳಿದ್ದವು. ಚಿಕ್ಕವಳಿದ್ದಾಗ ನಾನು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. "ಅದು ನಿಮ್ ದೊಡ್ಡಪ್ಪನ ಹಲ್ಲು ಕಣೇ, ನಂದಲ್ಲ" ಎಂದು ನಗುತ್ತಿದ್ದರು.

ನಮಗೂ ಅವರಿಗೂ ರಕ್ತಸಂಬಂಧವಿರಲಿಲ್ಲ. ಅರಸೀಕೆರೆಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ನಾನು ದೊಡ್ಡಮ್ಮ ಎನ್ನುತ್ತಿದ್ದೆ, ಊರಿನವರು ಯಾತ್ರೆಯಮ್ಮ ಎನ್ನುತ್ತಿದ್ದರು. ವರ್ಷಕ್ಕೆ ಎರಡು ಸಲ ಒಂದು ಬಸ್ಸು ಗೊತ್ತುಮಾಡಿ, ಅಡುಗೆಯವರನ್ನೂ ಅಕ್ಕಿ ಬೇಳೆಯನ್ನೂ ಹಾಕಿಕೊಂಡು, ಸುತ್ತಲಿನ ಊರುಗಳ ಹೆಂಗಸರನ್ನು ಯಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಕಾಶಿ, ಪಂಢರಾಪುರ, ರಾಮೇಶ್ವರ. ವಿಷಲ್ ಒಂದು ಸಲ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಎಂಥ ಜಾತ್ರೆಯ ಗದ್ದಲದಲ್ಲೂ ಅವರ ಗುಂಪಿನಿಂದ ಒಬ್ಬ ಮುದುಕಿಯೂ ತಪ್ಪಿಸಿಕೊಂಡದ್ದಿಲ್ಲ.

ನಾನು ಹೈಸ್ಕೂಲಿನಿಂದ ದಿನಚರಿ ಬರೆಯುವವಳು. ಎಲ್ಲಿಗೆ ಹೋದೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬಂದೆ, ಎಲ್ಲಕ್ಕೂ ಗೆರೆ ಎಳೆದು ಮನೆ ಮಾಡಿಟ್ಟಿದ್ದೇನೆ. ಆ ಅಭ್ಯಾಸ ನೋಡಿಯೇ ದೊಡ್ಡಮ್ಮ ಯಾತ್ರೆಯ ಹೆಸರು, ಸೀಟು, ಫೋನಿನ ಕೆಲಸವನ್ನೆಲ್ಲ ನನಗೆ ವಹಿಸಿದ್ದರು. ಬೇಲೂರಿನ ಒಂದು ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕ ಮೇಲೂ ಭಾನುವಾರಗಳು ಅವರವೇ. ನನ್ನ ಪುಸ್ತಕದಲ್ಲಿ 'ಉದ್ದೇಶ' ಎಂಬ ಮನೆಯನ್ನು ಒಮ್ಮೆ ನೋಡಿ, "ಎಲ್ಲಿಗಾದ್ರೂ ಸುಮ್ನೆ ಹೋದ್ರೆ ಇಲ್ಲೇನ್ ಬರೀತೀಯೇ?" ಎಂದು ಕೇಳಿದ್ದರು. ಸುಮ್ಮನೆ ಯಾರಾದರೂ ಹೋಗುತ್ತಾರಾ ದೊಡ್ಡಮ್ಮ, ಎಂದಿದ್ದೆ. ಅವರು ವಿಷಲಿನ ದಾರ ತಿರುವತೊಡಗಿದರು.

ಕಳೆದ ದೀಪಾವಳಿಗೆ ರಾಮೇಶ್ವರದಿಂದ ಬರುವಾಗ ಆ ಮಾತಿಗೆ ಉತ್ತರ ಕೊಟ್ಟರು. ಬಸ್ಸು ತಿಪಟೂರು ದಾಟಿತ್ತು. ಅಲ್ಲಿಯವರೆಗೆ ಹಾಡು, ಗಲಾಟೆ, ಒಬ್ಬರ ತಲೆಗೊಬ್ಬರು ಹೊಡೆದು ನಗುವುದು ನಡೆದಿತ್ತು. ತಿಪಟೂರು ದಾಟಿದ್ದೇ ತಡ, ಬಸ್ಸು ತಣ್ಣಗಾಯಿತು. ಹೆಂಗಸರು ತಮ್ಮ ತಮ್ಮ ಚೀಲ ಬಿಚ್ಚಿದರು. ಕೆಳಗಿದ್ದ ಪ್ರಸಾದ, ಕುಂಕುಮದ ಪೊಟ್ಟಣ, ತೀರ್ಥದ ಬಾಟಲಿಗಳನ್ನು ಮೇಲಕ್ಕೆ ತಂದರು. ಕಪ್ಪೆಚಿಪ್ಪಿನ ಸರ, ಗಾಜಿನ ಬಳೆ, ಸಮುದ್ರದಲ್ಲಿ ಒದ್ದೆಯಾದ ಸೀರೆ ತಳಕ್ಕೆ ಹೋದವು.

"ನೋಡ್ದಾ? ಪ್ರತಿ ಸಲಾನೂ ಇಲ್ಲೇ," ಎಂದರು ದೊಡ್ಡಮ್ಮ ನನ್ನ ಕಿವಿಯಲ್ಲಿ. "ಊರು ಹತ್ರ ಬತ್ತಿದ್ದಂಗೆ ಮುಖ ಬದ್ಲಾಯಿಸ್ಕತ್ತಾರೆ. ಆ ಹಗರೆಯಕ್ಕನ್ನ ನೋಡು. ನಿನ್ನೆ ಅಲೇಲಿ ಕೂತು ಎಂಗೆ ನಗಾಡ್ತಿದ್ಲು! ಈಗ ಮನೇಲಿ ಏನು ಹೇಳ್ತಾಳೆ? 'ಸ್ನಾನ ಆಯ್ತು, ದರ್ಶನ ಆಯ್ತು.' ಅಷ್ಟೇ."

"ಮತ್ತೇನು ಹೇಳಬೇಕು ದೊಡ್ಡಮ್ಮ?"

"ನಕ್ಕೆ ಅಂತ ಹೇಳ್ಬಾರ್ದಾ? ಇಷ್ಟು ವರ್ಷ ದೇವ್ರನ್ನ ಕೊಡೆ ಮಾಡಿ ಹಿಡ್ಕಂಡು ಇವ್ರನ್ನೆಲ್ಲ ಆಚೆಗೆ ಕರ್ಕಂಡ್ ಬಂದೋಳು ನಾನು. ದೇವ್ರಿಗೂ ಸಾಕಾಗಿರುತ್ತೆ ಕಣೇ. ಒಂದ್ಸಲ ಕೊಡೆ ಮುಚ್ಚಿ ನಿಂತ್ಕಳನ."

ಹೀಗೆ ಹುಟ್ಟಿತು ನೇಪಾಳದ ಯೋಚನೆ. ಚಳಿ ಕಳೆದು ಅಲ್ಲಿಯ ಬೆಟ್ಟಗಳಲ್ಲಿ ಕೆಂಪು ಹೂವಿನ ಮರಗಳು ಅರಳುವ ಕಾಲಕ್ಕೆ, ಯುಗಾದಿ ಮುಗಿಸಿ ಹೊರಡುವುದು. ದೊಡ್ಡ ಸರೋವರದಲ್ಲಿ ದೋಣಿ, ಹೂವಿನ ಕಾಡಿನಲ್ಲಿ ಎರಡು ದಿನದ ನಡಿಗೆ, ಬೆಳಗಿನ ಹೊತ್ತು ಹಿಮದ ಶಿಖರ. ಪಾಸ್‌ಪೋರ್ಟ್ ಬೇಡ, ವೋಟರ್ ಕಾರ್ಡ್ ಸಾಕು ಎಂದು ನಾನೇ ವಿಚಾರಿಸಿ ಹೇಳಿದೆ. ವಿಮಾನದ ಹೊತ್ತು, ಅಲ್ಲಿಯ ಚಳಿ, ಯಾವ ದಿನ ಎಷ್ಟು ನಡಿಗೆ, ಎಲ್ಲ ಬರೆದೆ. ದೊಡ್ಡಮ್ಮ ಇಟ್ಟ ಕಟ್ಟಳೆ ಒಂದೇ: ಕಾರ್ಯಕ್ರಮದಲ್ಲಿ ದೇವಸ್ಥಾನ ಇರಕೂಡದು. ಸರೋವರದ ನಡುವೆಯೇ ಒಂದು ಗುಡಿ ಇದೆ ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಡಲ್ಲ ನೋಡು ಅವ್ನು! ಇರ್ಲಿ, ದೋಣೀಲೇ ಕೂತು ಕೈ ಮುಗಿಯನ. ಇಳಿಯೋದು ಬ್ಯಾಡ."

ಅವರು ದಿನಾ ಬೆಳಗ್ಗೆ ಎರಡು ಗಂಟೆ ಪೂಜೆ ಮಾಡುವವರು. ಅದಕ್ಕೇ ಇರಬೇಕು, ಅವರಿಗೆ ಈ ಧೈರ್ಯ.

ಕರಪತ್ರ ಹಾಕಿಸಲು ಹೋದಾಗ ಪ್ರೆಸ್ಸಿನವನು ಹಾಳೆಯನ್ನು ತಿರುಗಿಸಿ ನೋಡಿದ. "ಅಮ್ಮಾ, ದೇವ್ರ ಹೆಸ್ರೇ ಇಲ್ವಲ್ಲ, ಮರ್ತ್ರಾ?"

"ಮರ್ತಿಲ್ಲಪ್ಪ, ಬಿಟ್ಟಿದೀನಿ."

"ಮೇಲೊಂದು ಗಣಪತಿನಾದ್ರೂ ಹಾಕ್ಲಾ? ದುಡ್ಡೇನ್ ಬ್ಯಾಡ."

"ದೋಣಿ ಚಿತ್ರ ಹಾಕು."

ಹತ್ತು ದಿನ ಯಾರೂ ಹೆಸರು ಕೊಡಲಿಲ್ಲ. ಫೋನು ಬರುತ್ತಿತ್ತು, ಆದರೆ ಎಲ್ಲರೂ ಕೇಳುವುದು ಒಂದೇ: "ಪಶುಪತಿನಾಥನ ದರ್ಶನ ಇದ್ದೇ ಇರುತ್ತಲ್ಲ?" ಇಲ್ಲ ಎಂದರೆ ಫೋನು ಇಡುತ್ತಿದ್ದರು. ಕೆಲವು ಸಲ ಗಂಡನ ದನಿ: "ಬರೀ ತಿರುಗಾಡಕ್ಕೆ ಹೆಂಗಸ್ರು ಅಷ್ಟು ದೂರ ಯಾಕ್ರೀ?" ಖಾಲಿ ಪಟ್ಟಿ ನನ್ನನ್ನು ಕಾಡತೊಡಗಿತು. ಹನ್ನೊಂದನೆಯ ದಿನ ಬಾಣಾವರದಿಂದ ಅಂಗಡಿಯಾಕೆಯೊಬ್ಬರು ಫೋನು ಮಾಡಿದಾಗ ನಾನು ಹೇಳಿಬಿಟ್ಟೆ: "ಇದೆ ಅಕ್ಕಾ, ವಿಶೇಷ ದರ್ಶನ." ಆಮೇಲೆ ಅದು ಸಲೀಸಾಯಿತು. ಎರಡು ವಾರದಲ್ಲಿ ಹನ್ನೊಂದು ಹೆಸರು. ದೊಡ್ಡಮ್ಮ ಪಟ್ಟಿ ನೋಡಿ ಕಣ್ಣರಳಿಸಿದರು. "ನೋಡ್ದಾ, ನಾನು ಅಂದಿರ್ಲಿಲ್ವಾ? ಹೆಂಗಸ್ರಿಗೆ ಆಸೆ ಐತೆ ಕಣೇ. ಕೇಳೋರಿಲ್ದೆ ಇತ್ತು ಅಷ್ಟೇ." ಆ ಸಂತೋಷದ ಎದುರು ನಾನು ತಲೆ ತಗ್ಗಿಸಿ ಹೆಸರುಗಳಿಗೆ ಕ್ರಮಸಂಖ್ಯೆ ಹಾಕುತ್ತ ಕೂತಿದ್ದೆ.

ಒಂದು ಸಂಜೆ ಬಾಣಾವರದ ಅಂಗಡಿಯಾಕೆಯ ಗಂಡ ಮನೆಗೇ ಬಂದು, ಅಭಿಷೇಕಕ್ಕೆ ಮುಂಚೆಯೇ ದುಡ್ಡು ಕಟ್ಟಬೇಕಾ ಎಂದು ದೊಡ್ಡಮ್ಮನನ್ನು ಕೇಳಿದರು. ದೊಡ್ಡಮ್ಮ ನನ್ನತ್ತ ಒಂದು ಸಲ ನೋಡಿದರು. ಅವರಿಗೆ ಕಾಫಿ ಕೊಟ್ಟು, ನಾಳೆ ಹೇಳುತ್ತೇನೆ ಎಂದು ಕಳಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ರಜಾ ಹಾಕು. ಹನ್ನೊಂದು ಮನೆಗೂ ಹೋಗನ," ಎಂದರು.

ಮೂರು ದಿನ ಬಸ್ಸಿನಲ್ಲಿ ತಿರುಗಿದೆವು. ಬಾಣಾವರ, ಹಳೇಬೀಡು, ಬೇಲೂರು, ಹಗರೆ. ಪ್ರತಿ ಮನೆಯಲ್ಲೂ ಅವರು ಆಡಿದ ಮಾತು ಒಂದೇ: "ದರ್ಶನ ಇಲ್ಲಮ್ಮ. ಸುಮ್ನೆ ಹೋಗಿ, ಸುಮ್ನೆ ನೋಡ್ಕಂಡು, ನಗಾಡ್ಕಂಡು ಬರೋದು. ನಮ್ಮಿಂದ ತಪ್ಪು ಮಾತು ಬಂತು." ನಮ್ಮಿಂದ ಎಂದರು, ಒಂದು ಮನೆಯಲ್ಲೂ ನನ್ನ ಹೆಸರು ಎತ್ತಲಿಲ್ಲ. ಬೇಲೂರಿನ ಒಂದು ಮನೆಯಲ್ಲಿ ಯಜಮಾನರು, "ಈ ವಯಸ್ಸಲ್ಲಿ ನಾಚ್ಕೆ ಆಗಲ್ವೇನ್ರೀ?" ಎಂದು ಮುಖಕ್ಕೇ ಕೇಳಿದರು. ದೊಡ್ಡಮ್ಮ ಚಪ್ಪಲಿ ಮೆಟ್ಟುತ್ತ, "ಆಗ್ತೈತೆ ಸ್ವಾಮಿ, ಅದ್ಕೇ ಇಷ್ಟು ವರ್ಷ ಆಯ್ತು" ಎಂದರು.

ಕೊನೆಗೆ ಹಗರೆ. ಹಗರೆಯಕ್ಕ ಎಂದರೆ ಡೇರಿಗೆ ಹಾಲು ಹಾಕುವ, ಅರವತ್ತು ದಾಟಿದ ಹೆಂಗಸು. ಯಾತ್ರೆ ಬಿಟ್ಟರೆ ಹಸು ಬಿಟ್ಟು ಆಚೆ ಹೋದವಳಲ್ಲ. ವಿಷಯ ಕೇಳಿ ಸಗಣಿ ಕೈಯನ್ನು ಗೋಡೆಗೆ ಒರೆಸಿಕೊಂಡಳು. "ದರ್ಶನ ಇಲ್ವಾ? ಬೋ ಚೆಂದಾಯ್ತು ಬಿಡು. ಕ್ಯೂ ನಿಂತು ನಿಂತು ನನ್ ಮಂಡಿ ಹೋಗವೆ. ದೋಣಿ ಐತೆ ತಾನೆ?"

"ಐತೆ."

"ಮುಳುಗಲ್ಲ ತಾನೆ?"

"ಮುಳುಗಿದ್ರೆ ದರ್ಶನ ಆಯ್ತದೆ," ಎಂದರು ದೊಡ್ಡಮ್ಮ. ಇಬ್ಬರೂ ನಗುವುದಕ್ಕೆ ಹಸು ತಿರುಗಿ ನೋಡಿತು.

ಹನ್ನೊಂದರಲ್ಲಿ ಐದು ಹೆಸರು ಉಳಿದವು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಕಡೆ ನೋಡುತ್ತ ಹೇಳಿದ ಮಾತು ಇದು: "ಅವ್ರಿಗಿಂತ ನಿಂಗೇ ನಾಚ್ಕೆ ಜಾಸ್ತಿ ಕಣೇ. ಓದಿದೀಯ, ಸಂಬಳ ತಗತೀಯ, ಆದ್ರೂ ಸುಮ್ನೆ ಹೋಗ್ತೀನಿ ಅನ್ನಕ್ಕೆ ನಿನ್ ಬಾಯಿ ಬರಲ್ಲ."

ಆಮೇಲಿನ ಭಾನುವಾರಗಳಲ್ಲಿ ನಡಿಗೆ ಅಭ್ಯಾಸ. ಎಲ್ಲರಿಗೂ ನಡುವೆ ಬೀಳುವ ಊರೆಂದು ಹಳೇಬೀಡಿನ ಕೆರೆ ಏರಿಯನ್ನು ಆರಿಸಿದೆವು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿದ ಐದು ಹೆಂಗಸರು, ಮುಂದೆ ವಿಷಲ್ ಊದುವ ದೊಡ್ಡಮ್ಮ. ಟೀ ಅಂಗಡಿಯ ಹುಡುಗರು, "ಏನ್ಲಾ, ಪೊಲೀಸ್ ಸೆಲೆಕ್ಷನ್ನಾ?" ಎಂದು ಕೂಗಿದರು. "ಊಂ ಕಣ್ರೋ, ಮೊದ್ಲು ನಿಮ್ಮನ್ನೇ ಹಿಡಿಯೋದು!" ಎಂದಳು ಹಗರೆಯಕ್ಕ. ನಾನು ಮಾತ್ರ ಫೋನು ನೋಡುವವಳಂತೆ ಹತ್ತು ಮಾರು ಹಿಂದೆ ಉಳಿದೆ. ದೊಡ್ಡಮ್ಮ ಒಂದು ಸಲ ವಿಷಲ್ ಊದಿದರು. ಎಲ್ಲರೂ ನಿಂತರು. ನಾನು ಬಂದು ಸೇರಿಕೊಳ್ಳುವವರೆಗೂ ಎರಡನೆಯದು ಊದಲಿಲ್ಲ.

ಶಿವರಾತ್ರಿ ಕಳೆದ ವಾರ, ಬೆಳಗ್ಗೆ ಬಾಗಿಲಿಗೆ ನೀರು ಹಾಕುವಾಗ ಅವರು ಕುಸಿದರು. ಹಾಸನದ ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು. ವಿಮಾನದ ಟಿಕೆಟ್ ಆಗಿತ್ತು. ಹೊಸ ಬೂಟು ಬಾಗಿಲ ಹಿಂದೆ ಹಾಗೇ ಇತ್ತು, ಏರಿಯ ಮಣ್ಣು ಅಂಟಿಕೊಂಡು.

ಹನ್ನೊಂದನೆಯ ದಿನದ ಊಟಕ್ಕೆ ಐವರೂ ಬಂದಿದ್ದರು. ಹೋಗುವುದಾ ಬಿಡುವುದಾ ಎಂಬ ಮಾತು ಬಂತು. ಬಾಣಾವರದ ಅಂಗಡಿಯಾಕೆ, "ಹೋಗನ. ಪಶುಪತಿನಾಥನ ಹತ್ರ ಅವ್ರ ಹೆಸ್ರಲ್ಲಿ ಒಂದು ಪೂಜೆ ಮಾಡ್ಸನ" ಎಂದರು. ಎಲ್ಲರ ಮುಖವೂ ತಿಳಿಯಾಯಿತು. ಗಂಡಸರು ತಲೆಯಾಡಿಸಿದರು. ನನ್ನ ತಾಯಿ ಕಣ್ಣೊರೆಸಿಕೊಂಡು, ಒಳ್ಳೆಯ ಕೆಲಸ ಎಂದು ಅಡುಗೆಮನೆಗೆ ಹೋದಳು. ನನಗೂ ಎದೆಯ ಭಾರ ಇಳಿದಂತಾಯಿತು. ಇನ್ನು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ.

ಎಲೆಯ ಮುಂದೆ ಕೂತಿದ್ದ ಹಗರೆಯಕ್ಕ ಮಾತ್ರ ತುತ್ತು ಕೆಳಗಿಟ್ಟಳು. "ದೇವ್ರನ್ನ ಅಡ್ಡ ಇಟ್ಕಬ್ಯಾಡಿ ಅಂತ ಮನೆ ಮನೆ ಸುತ್ತಿ ಹೇಳಿದ್ಲು. ಈಗ ಅವಳ್ನೇ ಅಡ್ಡ ಇಟ್ಕತೀರಾ?"

ಪೂಜೆಯ ಮಾತು ಅಲ್ಲಿಗೇ ನಿಂತಿತು. ಬಾಣಾವರದಾಕೆ ಅತ್ತರು. ಕರ್ಮ ಮಾಡಲು ದೂರದೂರಿನಿಂದ ಬಂದಿದ್ದ ದೊಡ್ಡಮ್ಮನ ಮಗ ಒಳಗೆ ಹೋಗಿ ವಿಷಲ್ ತಂದು ಹಗರೆಯಕ್ಕನ ಕೈಗಿಟ್ಟ. ಅದು ನನಗೆ ಬರುತ್ತದೆಂದು ನಾನು ಅಂದುಕೊಂಡಿದ್ದೆ. ಬರಲಿಲ್ಲ, ಸರಿಯಾಗಿಯೇ ಆಯಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಕನ್ನಡದವರು. ಹಗರೆಯಕ್ಕನ ವೋಟರ್ ಕಾರ್ಡನ್ನೂ ಮುಖವನ್ನೂ ನೋಡಿ, "ಯಾಕಮ್ಮ ಹೋಗ್ತಿರೋದು? ದೇವಸ್ಥಾನಕ್ಕಾ?" ಎಂದರು. ಉತ್ತರವನ್ನೂ ಅವರೇ ಕೊಟ್ಟಿದ್ದರು, ಹೂಂ ಎಂದರೆ ಮುಗಿಯುತ್ತಿತ್ತು.

"ಅಲ್ಲ ಸಾರ್. ಸುಮ್ನೆ. ದೋಣೀಲಿ ಕೂತ್ಕಳಕ್ಕೆ."

ಅಧಿಕಾರಿ ನಕ್ಕು ಮುದ್ರೆ ಒತ್ತಿದರು. ಅವಳ ಹಿಂದೆ ಉಳಿದ ನಾಲ್ವರೂ ಅದನ್ನೇ ಹೇಳಿದರು, ಬಾಣಾವರದಾಕೆಯೂ. ಕೊನೆಯವಳು ನಾನು.

"ನೀವು? ಟೂರಾ?"

"ನಮ್ಮ ದೊಡ್ಡಮ್ಮ ತೀರಿಕೊಂಡರು ಸರ್. ಅವರ ಹೆಸರಲ್ಲಿ ಒಂದು ಪೂಜೆ..." ಎಂದೆ.

ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಅಧಿಕಾರಿಯ ಆ ನಗುವೇ ಸಾಕಾಗಿತ್ತು ನನಗೆ ನಾಚಿಕೆಯಾಗಲು. ಅಧಿಕಾರಿ ಗಂಭೀರರಾಗಿ, "ಓ, ಸಾರಿ" ಎಂದರು. ಆ ಸಾರಿಯನ್ನು ನಾನು ತೆಗೆದುಕೊಂಡೆ. ಸತ್ತವರನ್ನು ಮುಂದೆ ಹಿಡಿದು, ಅವರು ಬೇಡವೆಂದ ಬಾಗಿಲಿನಿಂದಲೇ ದಾಟಿದೆ.

ನಾಲ್ಕನೆಯ ದಿನ ಸರೋವರದ ಮೇಲಿದ್ದೆವು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಅದರ ಮೇಲೆ ವಿಷಲ್ ತೂಗುಬಿಟ್ಟು ಹಗರೆಯಕ್ಕ ದೋಣಿಯ ಮೂತಿಯಲ್ಲಿ ಕೂತಿದ್ದಳು. ದೋಣಿಯವನು ನಡುಗಡ್ಡೆಯ ಗುಡಿಯ ಕಡೆ ತಿರುಗಿಸಲು ಹೊರಟ. ಅವಳು ಒಂದು ಸಲ ಊದಿದಳು. ಅವನಿಗೆ ಏನು ಅರ್ಥವಾಯಿತೋ, ಹುಟ್ಟು ನಿಲ್ಲಿಸಿದ. ಅವರೆಲ್ಲ ಕೂತಲ್ಲಿಂದಲೇ ಕೈಮುಗಿದರು. ದೂರದ ಹಿಮ ನೀರಿನಲ್ಲಿ ಬಿದ್ದು ಅಲುಗುತ್ತಿತ್ತು. ಬಾಣಾವರದಾಕೆ ನೀರಿಗೆ ಕೈ ಹಾಕಿ, ಅಯ್ಯಪ್ಪಾ ಎಂದು ಕಿರುಚಿ, ನಕ್ಕು, ಮತ್ತೆ ಹಾಕಿದರು.

ಹಗರೆಯಕ್ಕ ನನ್ನ ಕಡೆ ಬಾಗಿದಳು. "ಆ ಆಪೀಸರ್ ಹತ್ರ ನೀನ್ ಏನಂದೆ ಅಂತ ಕೇಳುಸ್ತು."

ನಾನು ನೀರು ನೋಡಿದೆ.

"ನಂಗೂ ಬಾಯಿಗೆ ಅದೇ ಬಂದಿತ್ತು ಕಣವ್ವ. ನುಂಗ್ಕಂಡೆ." ಇಷ್ಟು ಹೇಳಿ ತಿರುಗಿ ಎರಡು ಸಲ ಊದಿದಳು. ದೋಣಿ ಹೊರಟಿತು.

ಬೆಂಗಳೂರಿನಿಂದ ರೈಲಿನಲ್ಲಿ ಬಂದೆವು. ತಿಪಟೂರು ದಾಟಿತು. ಯಾರೂ ಚೀಲ ಬಿಚ್ಚಲಿಲ್ಲ. ಮಣ್ಣು ಮೆತ್ತಿದ ಬೂಟುಗಳು ಮೇಲೇ ಇದ್ದವು, ಮಾತು ನಗು ಅರಸೀಕೆರೆಯ ಪ್ಲಾಟ್‌ಫಾರಮಿನವರೆಗೂ ನಿಲ್ಲಲಿಲ್ಲ. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೇಳಿದಳು: "ಅವ್ರ ಪೂಜೆ ಚೆನ್ನಾಗಾಯ್ತೇನೇ?" ಹೂಂ ಎಂದೆ. ಆ ರಾತ್ರಿ ದಿನಚರಿಯಲ್ಲಿ ಎಲ್ಲ ಮನೆಗಳನ್ನೂ ತುಂಬಿಸಿದೆ, 'ಉದ್ದೇಶ' ಒಂದನ್ನು ಬಿಟ್ಟು.

ನಾನು ಬರೆದದ್ದು ಅಚ್ಚಾದರೆ ಅಮ್ಮ ಕನ್ನಡಕ ಹಾಕಿಕೊಂಡು, ಒಂದಕ್ಷರ ಬಿಡದೆ ಓದುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಪೂಜೆ ಆಗಲಿಲ್ಲಮ್ಮ. ನಾನು ಸುಮ್ಮನೆ ಹೋಗಿದ್ದೆ. ದೋಣಿಯಲ್ಲಿ ಕೂತಿದ್ದೆ. ತುಂಬಾ ಚೆನ್ನಾಗಿತ್ತು.