ಬರೆಯದೆ ಬಿಟ್ಟ ನಾಲ್ಕು ಸಾಲು

ಟಿ. ದಾಸರಹಳ್ಳಿಯ ನಮ್ಮ ವಠಾರದಲ್ಲಿ ಆಗೆಲ್ಲ ಎದುರು ಸಿಕ್ಕವರನ್ನು ಮೊದಲು ಕೇಳುತ್ತಿದ್ದುದು ‘ಊಟ ಆಯ್ತಾ?’ ಎಂದೇ. ಕೊನೇ ರೂಮಿನ ಮೈಲಾರಿ ಅಣ್ಣನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಉದ್ದ ಕೂದಲು, ಕಪ್ಪು ಅಂಗಿ. ಭಾನುವಾರ ಬಂತೆಂದರೆ ಗಿಟಾರ್ ಹಿಡಿದು ಗಂಟಲು ಹರಿಯುವ ಹಾಗೆ ರಾಕ್ ಹಾಡು. ಎಲ್ಲ ಅವನೇ ಕಟ್ಟಿದ್ದು. ಹಾಡಿನೊಳಗೆ ‘ನಾನು’ ಎನ್ನುವವನು ಯಾವಾಗಲೂ ವಿಲನ್ನೇ.

ರಾಯಚೂರಿನ ಕಡೆಯವನು. ಆ ಬೇಸಿಗೆಯಲ್ಲಿ ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ ಮೆಷಿನ್ನಿಗೆ ಬಲಗೈಯ ಎರಡು ಬೆರಳು ಕೊಟ್ಟು ಬಂದಿದ್ದ. ಬರೆಯಲಾಗದೆ ಐದನೇ ಕ್ಲಾಸಿನ ನನ್ನನ್ನು ಕರೆದ.

“ನಿನ್ನ ಅಕ್ಷರ ಚಂದ ಐತಂತಲ್ಲವಾ. ನಾ ಹೇಳತೀನಿ, ನೀ ಬರಿ.”

ಮೆಟ್ಟಿಲ ಮೇಲೆ ಕೂತು, ಅವನು ಕೊಟ್ಟ ಶೇಂಗಾ ಉಂಡೆ ತಿನ್ನುತ್ತಾ ಬರೆದೆ. ಕಿಟಕಿ ಮುಚ್ಚಿರಿ, ನಾನು ಬರ್ತೀನಿ, ನಿಮ್ಮ ಬೀದಿಗೆ ಬೆಂಕಿ ಇಡ್ತೀನಿ ಎನ್ನುವವನ ಹಾಡು. ಕೊನೆಯ ನಾಲ್ಕು ಸಾಲನ್ನು ಮಾತ್ರ ತೀರ ಮೆತ್ತಗೆ ಹೇಳಿದ. ಬೆಂಕಿ ಇಟ್ಟವನು ಬೂದಿಯಲ್ಲಿ ಕೂತು ಅಳುತ್ತಾನೆ. ಒಬ್ಬರಾದರೂ ‘ಊಟ ಆಯ್ತಾ’ ಅಂದಿದ್ದರೆ ಕಡ್ಡಿ ಗೀರುತ್ತಿರಲಿಲ್ಲ ಎನ್ನುತ್ತಾನೆ. ನನಗೆ ಸಪ್ಪೆ ಎನಿಸಿತು. ರಾಕ್ಷಸ ಅಳುವುದುಂಟೇ? ಆಟದ ಅವಸರ ಬೇರೆ. ಬರೆದೆ ಎಂದು ಸುಳ್ಳು ಹೇಳಿ, ಗೆಳತಿಯರಿಗೆ ತೋರಿಸಲು ಹಾಳೆ ತೆಗೆದುಕೊಂಡು ಓಡಿದೆ.

ಆ ವಾರ ನಮ್ಮ ಬೀದಿಯಲ್ಲಿ ಎರಡು ಬೈಕಿಗೆ ಯಾರೋ ಬೆಂಕಿ ಹಚ್ಚಿದ್ದರು. ಸುಟ್ಟ ರಬ್ಬರಿನ ವಾಸನೆ ಒಣಹಾಕಿದ ಬಟ್ಟೆಗೂ ಹತ್ತಿತ್ತು. ಅಮ್ಮ ಗೇಟು ದಾಟಲು ಬಿಡುತ್ತಿರಲಿಲ್ಲ. ನಾವು ಒಳಗೇ ಆ ಹಾಡು ಕೂಗುತ್ತಾ ರಾಕ್ಷಸನ ಆಟ ಆಡುವಾಗ ಹಾಳೆ ಓನರ್ ಆಂಟಿಯ ಕೈಗೆ ಸಿಕ್ಕಿತು.

“ಯಾರೇ ಹೇಳ್ಕೊಟ್ಟಿದ್ದು ಇದನ್ನ?”

“ಮೈಲಾರಿ ಅಣ್ಣ.”

“ಇಷ್ಟೇನಾ, ಇನ್ನೂ ಇದ್ಯಾ?”

ಅಮ್ಮ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಏಟಿನ ಭಯಕ್ಕೆ “ಇಷ್ಟೇ” ಎಂದುಬಿಟ್ಟೆ.

ಆಂಟಿ ನನ್ನನ್ನು ಕೊನೇ ರೂಮಿಗೆ ಎಳೆದೊಯ್ದು ಹಾಳೆಯನ್ನು ಅವನ ಮುಖಕ್ಕೆ ಹಿಡಿದಳು.

“ಇನ್ನಾ ಐತ್ರೀ ಅಮ್ಮಾರ...”

“ಬೈಕ್ ಸುಟ್ಟಿದ್ ಸಾಲ್ದಾ? ಸಂಜೆಯೊಳಗೆ ರೂಮ್ ಖಾಲಿ ಮಾಡು.”

ಅವನು ಹಾಳೆಯ ತುದಿ ನೋಡಿದ, ಆಮೇಲೆ ನನ್ನನ್ನು. “ಕಡೀವು ನಾಕು ಬರದಿಲ್ಲೇನವಾ?” ಎಂದ. ಬೈಯಲಿಲ್ಲ. ಹಾಸಿಗೆ ಸುತ್ತಿ, ಗಿಟಾರ್ ಎಡಗೈಯಲ್ಲಿ ಹಿಡಿದು ಹೊರಟುಹೋದ. ಮರುವಾರ ಮೂರನೇ ಬೈಕು ಉರಿಯಿತು. ವಠಾರದಲ್ಲಿ ಯಾರೂ ಅವನ ಮಾತೆತ್ತಲಿಲ್ಲ.

ಈಗ ಅಲ್ಲಿ ಐದು ಮಹಡಿಯ ಕಟ್ಟಡ ಎದ್ದಿದೆ. ಹೂಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೇ ನನಗೆ ಗೊತ್ತಿಲ್ಲ, ‘ಊಟ ಆಯ್ತಾ’ ಎಂದು ಕೇಳುವ ಮಾತು ದೂರವೇ ಉಳಿಯಿತು. ಆ ನಾಲ್ಕು ಸಾಲಿನ ನಾಚಿಕೆ ಮಾತ್ರ ಹೋಗಿಲ್ಲ. ಮಗಳು ಫೋನಿನಲ್ಲಿ ರಾಕ್ ಹಾಕುತ್ತಾಳೆ. ಯಾವನೋ ವಿಲನ್ ಊರು ಸುಡುತ್ತೇನೆಂದು ಅರಚುತ್ತಾನೆ.

“ಕೊನೇವರೆಗೂ ಕೇಳೇ,” ಎನ್ನುತ್ತೇನೆ.

ಅವಳು ಅರ್ಧಕ್ಕೇ ಮುಂದಿನ ಹಾಡಿಗೆ ಹೋಗುತ್ತಾಳೆ.